ಮೊದಲೇ ತೀರ್ಮಾನಿಸಿ ಹೋದವರು

‘ಹುಡುಗ ಏನು ಮಾಡುತ್ತಾನೆ?’ ‘ಸಾಫ್ಟ್‌ವೇರ್‌ನಲ್ಲಿದ್ದಾನೆ.’ ನಮ್ಮ ಕಡೆಯ ಮದುವೆ ಮಾತುಕತೆಯಲ್ಲಿ ಈ ಉತ್ತರ ಬಂದಮೇಲೆ ಕೆಲಸದ ಬಗ್ಗೆ ಎರಡನೆಯ ಪ್ರಶ್ನೆ ಹುಟ್ಟುವುದಿಲ್ಲ. ಸಂಬಳ ಎಷ್ಟು, ಫ್ಲ್ಯಾಟು ವೈಟ್‌ಫೀಲ್ಡಿನಲ್ಲೋ ಸರ್ಜಾಪುರ ರಸ್ತೆಯಲ್ಲೋ, ಆನ್‌ಸೈಟ್ ಯೋಗ ಇದೆಯೋ ಇಲ್ಲವೋ ಎಂಬ ಕಡೆಗೆ ವಿಚಾರಣೆ ಹೊರಳುತ್ತದೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕೂತವನು, ಕೂತವಳು, ರಾತ್ರಿಯವರೆಗೆ ಅದರೊಳಗೆ ಏನು ಮಾಡುತ್ತಾರೆಂಬುದು ಹೆತ್ತವರಿಗೂ ಗೊತ್ತಿರುವುದಿಲ್ಲ. ‘ಏನೋ ಕಂಪ್ಯೂಟರ್ ಕೆಲಸ’. ಬಡಗಿಯ ಕೆಲಸ ಕಣ್ಣಿಗೆ ಬೀಳುತ್ತದೆ, ವಕೀಲರದು ಕಿವಿಗೆ ಬೀಳುತ್ತದೆ. ನಾಲ್ಕು ದಶಕದಲ್ಲಿ ಬೆಂಗಳೂರಿನ ಅಂಕೆ ತಪ್ಪಿಸಿದ ಈ ಕಸುಬು ಮಾತ್ರ ಕದ ಹಾಕಿಕೊಂಡೇ ಇದೆ.

ಇದೇ ಕಸುಬಿನ ಇನ್ನೊಂದು ತುದಿ ನಾಡಕಚೇರಿಯ ಕಿಟಕಿಯಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ನಮಗೆ ಎದುರಾಗುತ್ತದೆ. ‘ಸಿಸ್ಟಮ್ ತಗೊಳ್ತಾ ಇಲ್ಲ ಸಾರ್’ ಎನ್ನುತ್ತಾರೆ ಅಲ್ಲಿ ಕೂತವರು. ಯಾಕೆ ತೆಗೆದುಕೊಳ್ಳುತ್ತಿಲ್ಲ ಎಂದರೆ ಅವರಿಗೂ ತಿಳಿಯದು. ಸುಳ್ಳು ಹೇಳುತ್ತಿಲ್ಲ ಪಾಪ. ನಮ್ಮಂಥವರ ಅರ್ಜಿಯನ್ನು ತೆಗೆದುಕೊಳ್ಳಬಾರದೆಂದು ಯಾರೋ, ಎಲ್ಲೋ, ಐದೋ ಹತ್ತೋ ವರ್ಷದ ಹಿಂದೆ ತೀರ್ಮಾನಿಸಿದ್ದಾರೆ. ಅಥವಾ ನಮ್ಮಂಥವರು ಇರಬಹುದೆಂದೇ ಅವರಿಗೆ ಹೊಳೆದಿಲ್ಲ. ಅವರು ಈಗ ಆ ಕಂಪನಿಯಲ್ಲಿಲ್ಲ, ಅವರ ತೀರ್ಮಾನ ಇದೆ.

ಪ್ರೋಗ್ರಾಮಿಂಗ್ ಎಂದರೆ ನನ್ನ ಮಟ್ಟಿಗೆ ಇದೇ: ಮುಂದೆ ಬರಲಿರುವ, ಮುಖ ನೋಡದ ಜನರ ಬಗ್ಗೆ ಇಂದೇ ತೀರ್ಮಾನ ಮಾಡಿಟ್ಟು ಹೋಗುವುದು. ಟೈಪ್ ಮಾಡಿದ ಸಾಲುಗಳು ಆ ತೀರ್ಮಾನದ ದಾಖಲೆ. ಈ ಕಸುಬನ್ನು ‘ಯಂತ್ರಕ್ಕೆ ಸೂಚನೆ ಬರೆಯುವ ವಿದ್ಯೆ’ ಎಂದು ಪರಿಚಯಿಸುವ ಪಠ್ಯಪುಸ್ತಕಗಳು ಸುಳ್ಳು ಹೇಳುವುದಿಲ್ಲ. ಆದರೆ ಅಡುಗೆಯನ್ನು ಒಲೆ ಹಚ್ಚುವ ವಿದ್ಯೆ ಎಂದಂತಾಯಿತು ಅದು.

ಯಂತ್ರದ ಕಡೆಯ ಕಥೆ ಬೇಗ ಮುಗಿಯುತ್ತದೆ. ಕಂಪ್ಯೂಟರಿಗೆ ಬರುವುದು ಬಹಳ ಕಡಿಮೆ. ಒಂದು ಅಂಕಿಯನ್ನು ಒಂದು ಜಾಗದಲ್ಲಿ ಇಡಬಲ್ಲದು, ಕೂಡಿ ಕಳೆಯಬಲ್ಲದು, ಎರಡನ್ನು ಹೋಲಿಸಿ ‘ಹೌದಾದರೆ ಈ ದಾರಿ, ಇಲ್ಲವಾದರೆ ಆ ದಾರಿ’ ಎಂದು ಹೋಗಬಲ್ಲದು, ಹೇಳಿದಷ್ಟು ಸಲ ಮಾಡಿದ್ದನ್ನೇ ಮಾಡಬಲ್ಲದು. ತರಕಾರಿ ಅಂಗಡಿಯ ಯುಪಿಐಯಿಂದ ಇಸ್ರೋದ ನೌಕೆಯವರೆಗೆ ಎಲ್ಲವನ್ನೂ ಕಟ್ಟಿರುವುದು ಇಷ್ಟರ ಮೇಲೆಯೇ. ಇವನ್ನು ಹೇಳಲು ಭಾಷೆಗಳಿವೆ. ಇಂದು ಕಾಲೇಜುಗಳಲ್ಲಿ ಹೆಚ್ಚಾಗಿ ಕಲಿಸುವ ಪೈಥಾನ್‌ನಲ್ಲಿ ಭಾಷೆಗೇ ಮೀಸಲಾದ ಪದಗಳು 35. ಎಲ್ಲವೂ ಇಂಗ್ಲಿಷಿನವು, ನಿಜ. ಆದರೆ ಮೂವತ್ತೈದು ಪದ ಕಲಿಯಲು ಯಾವ ಹಳ್ಳಿಯ ಹುಡುಗಿಗೂ ಒಂದು ವಾರ ಬೇಡ. ‘ಇಂಗ್ಲಿಷ್ ಬಾರದವರಿಗೆ ಕೋಡಿಂಗ್ ಬಾರದು’ ಎನ್ನುವವರು ತೊಡಕನ್ನು ಅದಿಲ್ಲದ ಜಾಗದಲ್ಲಿ ಹುಡುಕುತ್ತಿದ್ದಾರೆ.

ತೊಡಕು ಇರುವುದು ಎಲ್ಲಿ? ಒಂದು ಸಣ್ಣ ಕೆಲಸ ತೆಗೆದುಕೊಳ್ಳೋಣ. ಅರ್ಜಿದಾರನಿಗೆ ಹದಿನೆಂಟು ತುಂಬಿದೆಯೇ ಎಂದು ನೋಡಬೇಕು. ಹುಟ್ಟಿದ ದಿನಾಂಕ ಇದೆ, ಇವತ್ತಿನ ದಿನಾಂಕ ಇದೆ, ವರ್ಷ ಕಳೆದು ತಿಂಗಳು ದಿನ ಹೋಲಿಸಿದರೆ ಸಾಕು. ಹೊಸಬರು ಹತ್ತು ನಿಮಿಷದಲ್ಲಿ ಬರೆದುಕೊಡುತ್ತಾರೆ. ಈಗ 2008ರ ಫೆಬ್ರುವರಿ 29ರಂದು ಹುಟ್ಟಿದವನೊಬ್ಬ ಬರುತ್ತಾನೆ. 2026ರಲ್ಲಿ ಫೆಬ್ರುವರಿ 29 ಇಲ್ಲವೇ ಇಲ್ಲ. ಅವನು ವಯಸ್ಕನಾಗುವುದು 28ಕ್ಕೋ, ಮಾರ್ಚ್ 1ಕ್ಕೋ? ನಮ್ಮ 1875ರ ವಯಸ್ಕತೆಯ ಕಾಯ್ದೆಯು ಹುಟ್ಟಿದ ದಿನದ ಹದಿನೆಂಟನೆಯ ವಾರ್ಷಿಕ ದಿನ ಶುರುವಾಗುತ್ತಿದ್ದಂತೆ ಎನ್ನುತ್ತದೆ. ಆ ದಿನವೇ ಕ್ಯಾಲೆಂಡರಿನಲ್ಲಿಲ್ಲ. ನ್ಯಾಯಾಧೀಶರಾದರೆ ಅಂಥ ಪ್ರಕರಣ ಎದುರಿಗೆ ಬಂದ ದಿನ ಕೂತು ಯೋಚಿಸುತ್ತಾರೆ, ಎರಡೂ ಕಡೆಯ ವಾದ ಕೇಳುತ್ತಾರೆ. ಗುಮಾಸ್ತರಾದರೆ ಎದುರಿಗಿರುವವನ ಮುಖ ನೋಡಿ ‘ಇರಲಿ ಬಿಡಪ್ಪ’ ಎಂದು ಮೊಹರು ಒತ್ತುತ್ತಾರೆ. ಪ್ರೋಗ್ರಾಮರಿಗೆ ಈ ಎರಡೂ ಸವಲತ್ತಿಲ್ಲ. ಆ ಹುಡುಗ ಬರುವ ಎಷ್ಟೋ ವರ್ಷ ಮುಂಚೆಯೇ ಏನಾದರೊಂದು ಬರೆದಿಟ್ಟಿರಬೇಕು. ಬರೆಯದೆ ಬಿಟ್ಟರೂ ತೀರ್ಮಾನ ಆದಂತೆಯೇ: ಯಂತ್ರ ಸುಮ್ಮನಿರುವುದಿಲ್ಲ, ‘ಅಮಾನ್ಯ ದಿನಾಂಕ’ ಎಂದು ಅವನನ್ನು ಹೊರಗೆ ತಳ್ಳಬಹುದು.

ಹಾಗಾದರೆ ಯಾರನ್ನು ಕೇಳುವುದು? ಪ್ರೋಗ್ರಾಮರ್ ಟೀಮ್ ಲೀಡನ್ನು ಕೇಳುತ್ತಾಳೆ, ಅವರು ಮ್ಯಾನೇಜರನ್ನು, ಮ್ಯಾನೇಜರ್ ಕ್ಲೈಂಟಿಗೆ ಇಮೇಲ್ ಹಾಕುತ್ತಾರೆ. ‘ಸಾಮಾನ್ಯವಾಗಿ ಹೇಗೆ ಮಾಡುತ್ತಾರೋ ಹಾಗೆ ಮಾಡಿ’ ಎಂದು ಉತ್ತರ ಬರುತ್ತದೆ. ರಿಲೀಸ್ ಶುಕ್ರವಾರ ಇದೆ. ಗುರುವಾರ ಸಂಜೆ ಅವಳು ಮಾರ್ಚ್ 1 ಎಂದು ಬರೆದು ಕ್ಯಾಬ್ ಹಿಡಿಯುತ್ತಾಳೆ. ಶಾಸನಸಭೆ ಹೇಳದೆ ಬಿಟ್ಟ ಒಂದು ಎಳೆಯನ್ನು ಹೊರವರ್ತುಲ ರಸ್ತೆಯ ಯಾವುದೋ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ, ಇಪ್ಪತ್ತಾರು ವರ್ಷದವಳೊಬ್ಬಳು ತುಂಬಿ ಹೋದಳು. ಅವಳು ತಪ್ಪು ಮಾಡಿದಳೆಂದು ನಾನು ಹೇಳುತ್ತಿಲ್ಲ. ಅವಳು ಶಾಸನ ಬರೆದಳು ಎನ್ನುತ್ತಿದ್ದೇನೆ.

ಕನ್ನಡದವರಿಗೆ ಹತ್ತಿರದ ಇನ್ನೊಂದು ಉದಾಹರಣೆ ಹೆಸರು. ಅರ್ಜಿಯಲ್ಲಿ ಹೆಸರಿಗೆಂದು ಜಾಗ ಇಡಬೇಕು. ಎಷ್ಟು ದೊಡ್ಡ ಜಾಗ? ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು ಎಂಬ ಅಭ್ಯಾಸದಲ್ಲಿ ಯಾರೋ ಮೂವತ್ತು ಬೈಟ್ ಇಟ್ಟರು ಎನ್ನಿ. ಕೃಷ್ಣಮೂರ್ತಿಯವರು ಬರುತ್ತಾರೆ. ನಮ್ಮ ಕಣ್ಣಿಗೆ ಅದು ನಾಲ್ಕೇ ಅಕ್ಷರ: ಕೃ, ಷ್ಣ, ಮೂ, ರ್ತಿ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಎಲ್ಲ ಬೇರೆ ಬೇರೆಯಾಗಿ ಹನ್ನೊಂದು ಸಂಕೇತಗಳು. ಜಾಲದಲ್ಲೆಲ್ಲ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 33. ಮೂವತ್ತಕ್ಕೆ ಕತ್ತರಿಸಿದರೆ ಕೊನೆಯ ಗುಡಿಸು ಬಿದ್ದುಹೋಗಿ ಅವರು ‘ಕೃಷ್ಣಮೂರ್ತ’ ಆಗುತ್ತಾರೆ. ಆಧಾರಿನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ಮುಂದಿನದು ಅಫಿಡವಿಟ್ಟು, ನೋಟರಿ, ತಾಲ್ಲೂಕು ಕಚೇರಿಗೆ ಓಡಾಟ. ಅಮೆರಿಕಕ್ಕೆ ಹೋದ ನಮ್ಮವರಿಗೆ ಇದರ ದೊಡ್ಡಣ್ಣ ಗೊತ್ತು. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದು ಅಡ್ಡಹೆಸರಿನ ಜಾಗ ಖಾಲಿ ಇದ್ದರೆ, ಅಲ್ಲಿನ ವೀಸಾ ಪದ್ಧತಿ ಇರುವ ಹೆಸರನ್ನು ಅಡ್ಡಹೆಸರಾಗಿಸಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂಬರ್ಥದಲ್ಲಿ. ಊರು, ಅಪ್ಪ, ಇನಿಷಿಯಲ್ ಎಂದು ಹೆಸರಿಡುವ ಸೀಮೆಯೊಂದು ಭೂಮಿಯ ಮೇಲಿದೆ ಎಂಬುದು ಆ ನಮೂನೆ ರೂಪಿಸಿದವರ ತಲೆಗೆ ಬಂದಿರಲಿಲ್ಲ. ದ್ವೇಷವೇನೂ ಇಲ್ಲ. ಎಲ್ಲರೂ ತಮ್ಮ ಹಾಗೇ ಎಂದುಕೊಂಡಿದ್ದರು, ಅಷ್ಟೇ. ಇದೇ ಯಂತ್ರದ ಮೇಲೆ ಕನ್ನಡ ಬರೆಯುವುದು ಹೇಗೆಂದು ಕೆ.ಪಿ. ರಾವ್ ಕೂತು ಯೋಚಿಸಿದಾಗ ಲಿಪಿಯನ್ನು ಚಿತ್ರಗಳ ರಾಶಿಯಾಗಿ ಕಾಣದೆ ವ್ಯಂಜನ, ಸ್ವರಗಳ ಕೂಡಿಕೆಯಾಗಿ ಕಂಡರು. ಅದರಿಂದಾಗಿ ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ವರ್ಣಮಾಲೆ ಹಿಡಿಯಿತು. ಅದೂ ಪ್ರೋಗ್ರಾಮರ್ ತೀರ್ಮಾನವೇ. ನುಡಿ ತಂತ್ರಾಂಶದ ಮೂಲಕ ಇಂದಿಗೂ ಕಚೇರಿಗಳಲ್ಲಿ ಕನ್ನಡ ಟೈಪಾಗುವುದು ಆ ವಿನ್ಯಾಸದಲ್ಲಿ.

ಈ ಕೆಲಸವನ್ನು ಕಡೆಗಣಿಸುವ ಚಾಳಿ ಕಂಪ್ಯೂಟರಿನಷ್ಟೇ ಹಳೆಯದು. 1946ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಫಿರಂಗಿ ಗುಂಡಿನ ಪಥವನ್ನು ಅದು ಕ್ಷಣಗಳಲ್ಲಿ ಲೆಕ್ಕ ಹಾಕಿದ್ದನ್ನು ಕಂಡು ಪತ್ರಕರ್ತರು ಬೆರಗಾದರು. ಯಂತ್ರ ಕಟ್ಟಿದ ಎಕರ್ಟ್ ಮತ್ತು ಮಾಕ್ಲಿ ಹೆಸರಾದರು. ಆ ಲೆಕ್ಕವನ್ನು ಯಂತ್ರ ಮಾಡುವಂತೆ ತಂತಿ, ಸ್ವಿಚ್ಚುಗಳಲ್ಲಿ ಅಣಿಗೊಳಿಸಿದವರು ಬೆಟ್ಟಿ ಜೆನ್ನಿಂಗ್ಸ್ ಮತ್ತು ಬೆಟ್ಟಿ ಸ್ನೈಡರ್. ಹಾಗೆ ಒಟ್ಟು ಆರು ಜನ ಹೆಂಗಸರಿದ್ದರು. ಕೈಪಿಡಿ ಎಂಬುದಿರಲಿಲ್ಲ, ಯಂತ್ರದ ನಕ್ಷೆಗಳನ್ನು ಓದಿ ಓದಿಯೇ ಅದನ್ನು ನಡೆಸುವುದು ಹೇಗೆಂದು ಕಂಡುಕೊಂಡರು. ಪ್ರದರ್ಶನದ ರಾತ್ರಿಯ ಔತಣಕ್ಕೆ ಅವರಿಗೆ ಕರೆ ಇರಲಿಲ್ಲ. ಯಂತ್ರ ಕಟ್ಟುವುದು ಗಂಡಸರ ವಿದ್ಯೆ, ಅದಕ್ಕೆ ಕೆಲಸ ಹಚ್ಚುವುದು ಗುಮಾಸ್ತಿಕೆ ಎಂಬ ಲೆಕ್ಕಾಚಾರ.

ಆ ಲೆಕ್ಕಾಚಾರ ತಪ್ಪೆಂದು ಕೆಲಸಕ್ಕೆ ಇಳಿದವರಿಗೆ ಬೇಗನೆ ಗೊತ್ತಾಯಿತು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಕಂಪ್ಯೂಟರ್ ಕಟ್ಟಿದ ಮಾರಿಸ್ ವಿಲ್ಕ್ಸ್, ತನ್ನ ಉಳಿದ ಆಯುಷ್ಯದ ದೊಡ್ಡ ಪಾಲು ತನ್ನದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ ಎಂದು ಒಂದು ದಿನ ಮೆಟ್ಟಿಲ ಬಳಿ ಹೊಳೆದದ್ದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಎಪ್ಪತ್ತೈದು ವರ್ಷ ದಾಟಿದರೂ ಕಸುಬಿನ ಸ್ವರೂಪ ಅದೇ. ಹೊರಗಿನವರು ನೆನೆಯುವಂತೆ ಪ್ರೋಗ್ರಾಮರುಗಳು ದಿನವಿಡೀ ಬರೆಯುತ್ತ ಕೂರುವುದಿಲ್ಲ. ದಿನದ ಹೆಚ್ಚು ಹೊತ್ತು ಓದುತ್ತಾರೆ: ಬೇರೆಯವರು ಬರೆದದ್ದನ್ನು, ಆರು ತಿಂಗಳ ಹಿಂದೆ ತಾವೇ ಬರೆದು ಮರೆತದ್ದನ್ನು. ‘ಇದನ್ನು ಹೀಗೆ ಯಾಕೆ ಮಾಡಿದ್ದಾರೆ’ ಎಂಬುದು ಆ ಕಸುಬಿನ ನಿತ್ಯದ ಪ್ರಶ್ನೆ. ಒಂದು ಸಾಲು ಬದಲಿಸಲು ಎರಡು ದಿನ ಹಿಡಿದರೆ ಸೋಮಾರಿತನವಲ್ಲ. ಆ ಸಾಲು ಎಲ್ಲೆಲ್ಲಿಗೆ ಬೇರು ಬಿಟ್ಟಿದೆಯೆಂದು ನೋಡಲು ಅಷ್ಟು ಹೊತ್ತು ಬೇಕು.

ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಪ್ರೋಗ್ರಾಮ್ ನಿಜವಾಗಿ ಇರುವುದು ಅದನ್ನು ಕಟ್ಟಿದವರ ತಿಳಿವಳಿಕೆಯಲ್ಲಿ. ಬರಹ ಅದರ ಒಂದಂಶ ಮಾತ್ರ. ಆ ಗುಂಪು ಚದುರಿದರೆ ಪ್ರೋಗ್ರಾಮ್ ಓಡುತ್ತಿದ್ದರೂ ಸತ್ತಂತೆ ಎಂಬುದು ಅವರ ವಾದ. ಬೆಂಗಳೂರಿನ ಯಾವ ಕಂಪನಿಯಲ್ಲಿ ಕೆಲಸ ಮಾಡಿದವರಿಗೂ ಇದನ್ನು ವಿವರಿಸಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಜನ ಕಂಪನಿ ಬದಲಿಸುವ ಊರು. ಹೋಗುವವರು ನೋಟಿಸ್ ಅವಧಿಯಲ್ಲಿ ಬರುವವರಿಗೆ ‘ಕೆಟಿ’, ಅಂದರೆ ತಮಗೆ ತಿಳಿದದ್ದರ ಹಸ್ತಾಂತರ, ಕೊಡಬೇಕು. ಮನಸ್ಸು ಆಗಲೇ ಹೊಸ ಆಫೀಸಿನಲ್ಲಿರುತ್ತದೆ. ನಾಲ್ಕು ಮೀಟಿಂಗ್, ಒಂದು ರೆಕಾರ್ಡಿಂಗ್, ಯಾರೂ ತೆರೆಯದ ಒಂದು ಕಡತ. ಆರು ತಿಂಗಳ ಮೇಲೆ ಪ್ರೊಡಕ್ಷನ್ನಿನಲ್ಲಿ ಏನೋ ಮುರಿದು, ನಡುರಾತ್ರಿ ಫೋನು ಬಂದಾಗ, ಕೈಯಲ್ಲಿ ಸಾಲುಗಳಿರುತ್ತವೆ, ಕಾರಣಗಳಿರುವುದಿಲ್ಲ.

ಬೆಂಗಳೂರು ಬೆಳೆದದ್ದಾದರೂ ಬೇರೆಯವರ ಬರಹ ಓದಿಯೇ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಬಾಗಿಲು ತೆರೆಯಿತು. ಅದಕ್ಕೆ ಎರಡು ವರ್ಷ ಮೊದಲು ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂದಿತ್ತು. ಆದರೆ ಕೈತುಂಬ ಕೆಲಸ ತಂದದ್ದು ತೊಂಬತ್ತರ ದಶಕದ ಕೊನೆಯ ವೈಟುಕೆ. ಮೆಮರಿ ದುಬಾರಿಯಾಗಿದ್ದ ಕಾಲದಲ್ಲಿ, ಎಂಬತ್ತು ಅಂಕಣದ ಪಂಚ್‌ಕಾರ್ಡಿನಲ್ಲಿ ಎಲ್ಲವನ್ನೂ ತುರುಕಬೇಕಿದ್ದಾಗ, ವರ್ಷಕ್ಕೆ ಎರಡೇ ಅಂಕಿ ಸಾಕೆಂದು ತೀರ್ಮಾನಿಸಿದ್ದರು. 1967 ಎಂದರೆ 67. ಆಗಿನ ಮಟ್ಟಿಗೆ ಜಾಣ ತೀರ್ಮಾನವೇ. ಆ ಪ್ರೋಗ್ರಾಮುಗಳು ಮೂವತ್ತು ವರ್ಷ ಬಾಳುತ್ತವೆಂದು ಯಾರು ಕಂಡಿದ್ದರು? 2000ನೆಯ ಇಸವಿ ಬಂದರೆ ಯಂತ್ರ ಅದನ್ನು 1900 ಎಂದು ತಿಳಿಯುತ್ತದೆ. ಅಮೆರಿಕ, ಯುರೋಪಿನ ಬ್ಯಾಂಕು, ವಿಮಾ ಕಂಪನಿಗಳ ಕೋಬಾಲ್ ಭಾಷೆಯ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದುವ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂತು. ಅದನ್ನು ‘ಸೈಬರ್ ಕೂಲಿ’ ಎಂದು ಜರೆದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಈ ಜರೆಯುವಿಕೆಯನ್ನು ನಾನು ಅರ್ಧ ಒಪ್ಪುತ್ತೇನೆ. ಅಪರಿಚಿತರು ಮೂವತ್ತು ವರ್ಷದ ಹಿಂದೆ ಏನು ಯೋಚಿಸಿದ್ದರೆಂದು ಅವರ ಬರಹದಿಂದಲೇ ಹೆಕ್ಕಿ ತೆಗೆಯುವುದು ಕೀಳು ಕೆಲಸವಾಗಿದ್ದರೆ ಶಾಸನ ಓದುವ ವಿದ್ವಾಂಸರದೂ ಕೀಳು ಕೆಲಸವೇ. ಕೂಲಿತನ ಇದ್ದದ್ದು ಬೇರೆ ಕಡೆ. ತೀರ್ಮಾನ ಮಾಡುವ ಅಧಿಕಾರ ಸಮುದ್ರದಾಚೆ, ತೀರ್ಮಾನವನ್ನು ಸಾಲುಗಳಾಗಿಸುವ ದುಡಿಮೆ ಇಲ್ಲಿ, ಬಿಲ್ಲು ಗಂಟೆಯ ಲೆಕ್ಕದಲ್ಲಿ. ‘ಇದನ್ನು ಯಾಕೆ ಹೀಗೆ ಮಾಡುತ್ತಿದ್ದೇವೆ’ ಎಂದು ಕೇಳಿದವರಿಗೆ ಅಪ್ರೈಸಲ್‌ನಲ್ಲಿ ಅಂಕ ಹೆಚ್ಚಲಿಲ್ಲ, ತಲೆ ಎಣಿಕೆ ಹೆಚ್ಚಿದರೆ ಕಂಪನಿಯ ವರಮಾನ ಹೆಚ್ಚಿತು. ತಡವಾದ ಯೋಜನೆಗೆ ಇನ್ನಷ್ಟು ಜನರನ್ನು ಹಾಕಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಹಿಂದೆ ಐಬಿಎಮ್‌ನಲ್ಲಿ ದುಡಿದಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ತನ್ನ ಅನುಭವದಿಂದ ಬರೆದಿದ್ದರು. ತಲೆ ಎಣಿಸಿ ದುಡಿಯುವ ಉದ್ಯಮಕ್ಕೆ ಆ ಮಾತು ಹಿಡಿಸುವುದು ಕಷ್ಟ.

ಈಗ ಈ ಕಸುಬು ಹೊರಗಿನವರಿಗೆ ಯಾಕೆ ತಿಳಿದಿರಬೇಕು ಎಂಬ ಪ್ರಶ್ನೆಗೆ ಬರೋಣ. ನನ್ನ ಉತ್ತರ ಬ್ರಿಟನ್ನಿನಲ್ಲಿದೆ. ಅಲ್ಲಿನ ಅಂಚೆ ಇಲಾಖೆ 1999ರಿಂದ ‘ಹೊರೈಜನ್’ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ಊರೂರಿನ ಅಂಚೆ ಅಂಗಡಿಗಳಿಗೆ ಹಾಕಿಸತೊಡಗಿತು. ಕಟ್ಟಿದ್ದು ಫುಜಿತ್ಸು ಒಡೆತನದ ಕಂಪನಿ. ಆ ಅಂಗಡಿಗಳನ್ನು ನಡೆಸುತ್ತಿದ್ದವರು ಸಬ್‌ಪೋಸ್ಟ್‌ಮಾಸ್ಟರುಗಳು, ಊರಿನ ಮಟ್ಟದ ಸಣ್ಣ ವ್ಯಾಪಾರಿಗಳು. ಭಾರತದಿಂದ ಹೋಗಿ ನೆಲೆಸಿದವರೂ ಅವರಲ್ಲಿ ಸಾಕಷ್ಟು ಮಂದಿ. ಸಂಜೆ ಲೆಕ್ಕ ಮುಗಿಸಿದರೆ ತೆರೆಯ ಮೇಲೆ ಇರುವಷ್ಟು ಹಣ ಪೆಟ್ಟಿಗೆಯಲ್ಲಿಲ್ಲ. ಕರಾರಿನ ಪ್ರಕಾರ ಕೊರತೆ ತುಂಬುವ ಹೊಣೆ ಅವರದು. ಮನೆ ಒತ್ತೆಯಿಟ್ಟು ತುಂಬಿದರು; ಮತ್ತೆ ಕೊರತೆ. ಸಹಾಯವಾಣಿಗೆ ಫೋನ್ ಮಾಡಿದವರಲ್ಲಿ ಎಷ್ಟೋ ಜನರಿಗೆ ‘ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೆ ಮಾತ್ರ’ ಎಂಬ ಉತ್ತರ ಸಿಕ್ಕಿತು. ಕಳವು, ವಂಚನೆ, ಸುಳ್ಳು ಲೆಕ್ಕದ ಆರೋಪದ ಮೇಲೆ 900ಕ್ಕೂ ಹೆಚ್ಚು ಜನ ಶಿಕ್ಷೆಗೆ ಗುರಿಯಾದರು, ಬಹುಪಾಲು ಪ್ರಕರಣಗಳಲ್ಲಿ ಮೊಕದ್ದಮೆ ಹೂಡಿದ್ದು ಅಂಚೆ ಇಲಾಖೆಯೇ. ಗರ್ಭಿಣಿಯೊಬ್ಬಳು ಜೈಲಿಗೆ ಹೋದಳು. ಕೆಲವರು ಜೀವ ಕಳೆದುಕೊಂಡರು.

ತಂತ್ರಾಂಶದೊಳಗೆ ಆಗುತ್ತಿದ್ದುದು ಎಂಥ ತಪ್ಪು? ಒಂದನ್ನು ಹೇಳುತ್ತೇನೆ. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್‌ನಲ್ಲಿ 8,000 ಪೌಂಡ್ ನಗದು ಬಂದದ್ದನ್ನು ದಾಖಲಿಸುವಾಗ ತೆರೆ ಹೆಪ್ಪುಗಟ್ಟಿದಂತೆ ನಿಂತಿತು. ಯಾರಾದರೂ ಮಾಡುವಂತೆ ಮತ್ತೆ ಎಂಟರ್ ಒತ್ತಿದರು, ಮತ್ತೆ ಒತ್ತಿದರು. ಒಳಗೆ ಯಂತ್ರ ಒಂದೊಂದು ಒತ್ತಿಗೂ 8,000 ಬಂದಿತೆಂದು ಬರೆದುಕೊಳ್ಳುತ್ತಿತ್ತು. ನಾಲ್ಕು ಸಲ, 32,000. ಬಂದದ್ದು 8,000 ಮಾತ್ರ. 24,000 ಪೌಂಡ್ ಕೊರತೆ ಹುಟ್ಟಿತು. ಲಿಫ್ಟಿನ ಗುಂಡಿಯನ್ನು ಅವಸರಕ್ಕೆ ಹತ್ತು ಸಲ ಒತ್ತಿದರೂ ಅದು ಬರುವುದು ಒಂದೇ ಸಲ. ಹಾಗೆಯೇ ಒಂದು ವ್ಯವಹಾರಕ್ಕೆ ಒಂದೇ ಸಂಖ್ಯೆ ಕೊಟ್ಟು, ಆ ಸಂಖ್ಯೆ ಮತ್ತೆ ಬಂದರೆ ಲೆಕ್ಕಕ್ಕೆ ಸೇರಿಸಬಾರದೆಂಬುದು ಹಣದ ತಂತ್ರಾಂಶ ಬರೆಯುವವರ ಮೊದಲ ಪಾಠಗಳಲ್ಲೊಂದು. ‘ಬೇಸತ್ತ ಮನುಷ್ಯ ಎರಡು ಸಲ ಒತ್ತಿದರೆ?’ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಡಾಲ್ಮೆಲಿಂಗ್ಟನ್ನಿನ ತಪ್ಪು ಐದು ವರ್ಷದಿಂದ ಅಲ್ಲೇ ಕೂತಿತ್ತು.

ನನ್ನನ್ನು ಹೆಚ್ಚು ಕಾಡುವುದು ತಪ್ಪು ಇದ್ದದ್ದಲ್ಲ. ತಪ್ಪಿಲ್ಲದ ದೊಡ್ಡ ತಂತ್ರಾಂಶವನ್ನು ಯಾವ ಪ್ರೋಗ್ರಾಮರೂ ಕಂಡಿಲ್ಲ, ವಿಲ್ಕ್ಸ್ ಕಾಲದಿಂದಲೂ. ಫುಜಿತ್ಸು ಒಳಗೆ ‘ಗೊತ್ತಿರುವ ದೋಷಗಳ ದಾಖಲೆ’ ಎಂದೇ ಒಂದು ಪಟ್ಟಿ ಇತ್ತು. ತಮ್ಮ ಕೂಸಿನ ಕಾಯಿಲೆಗಳನ್ನು ಎಂಜಿನಿಯರುಗಳು ನಿಯತ್ತಾಗಿ ಬರೆದಿಡುತ್ತಿದ್ದರು. ಅಂಗಡಿಗಳ ಲೆಕ್ಕದೊಳಗೆ ದೂರದಿಂದಲೇ ಕೈಯಾಡಿಸಲೂ ಅವರಿಗೆ ಸಾಧ್ಯವಿತ್ತು. ಅದೇ ಹೊತ್ತಿನಲ್ಲಿ ನ್ಯಾಯಾಲಯದಲ್ಲಿ ಅಂಚೆ ಇಲಾಖೆ ತಂತ್ರಾಂಶ ಗಟ್ಟಿಯಾಗಿದೆ ಎನ್ನುತ್ತಿತ್ತು, ದೂರದಿಂದ ಯಾರೂ ಮುಟ್ಟಲಾರರು ಎನ್ನುತ್ತಿತ್ತು. ಕಾನೂನೂ ಅದರ ಬೆನ್ನಿಗಿತ್ತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಸಾಕ್ಷ್ಯ ತರುವವರೇ ತೋರಿಸಬೇಕೆಂಬ ನಿಯಮವನ್ನು ಬ್ರಿಟನ್ 1999ರ ಕಾಯ್ದೆಯಲ್ಲಿ ತೆಗೆದುಹಾಕಿತ್ತು. ಅಲ್ಲಿಂದ ಮುಂದೆ ಯಂತ್ರ ಸರಿಯಿದೆ ಎಂದೇ ಊಹೆ. ಸರಿಯಿಲ್ಲ ಎನ್ನುವವರು ರುಜುವಾತು ತರಬೇಕು. ಹಳ್ಳಿಯ ಅಂಚೆಯಾಕೆ ಎಲ್ಲಿಂದ ತರಬೇಕು? ಅಲನ್ ಬೇಟ್ಸ್ ಎಂಬ ಸಬ್‌ಪೋಸ್ಟ್‌ಮಾಸ್ಟರ್ 555 ಜನರನ್ನು ಕೂಡಿಸಿಕೊಂಡು ಹೂಡಿದ ದಾವೆಯಲ್ಲಿ ಆ ದೋಷಗಳ ಪಟ್ಟಿ ಹೊರಬಂದು, 2019ರ ಡಿಸೆಂಬರಿನಲ್ಲಿ ತೀರ್ಪು ಅವರ ಕಡೆಗಾಯಿತು. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು ಪಾರ್ಲಿಮೆಂಟೇ 2024ರಲ್ಲಿ ಕಾಯ್ದೆ ತರಬೇಕಾಯಿತು.

ನಮ್ಮಲ್ಲಿ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು. ಯಂತ್ರ ಸರಿಯಾಗಿ ನಡೆಯುತ್ತಿತ್ತೆಂದು ಅದರಲ್ಲಿ ಹೇಳಬೇಕು. ಇಲ್ಲದ್ದಕ್ಕಿಂತ ಮೇಲು. ಆದರೆ ಡಾಲ್ಮೆಲಿಂಗ್ಟನ್ನಿನ ಯಂತ್ರವೂ ‘ನಡೆಯುತ್ತಲೇ’ ಇತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡದಿದ್ದರೆ ಅನ್ಯಾಯವಾದೀತು. ಮುಂಚಿತವಾಗಿ ತೀರ್ಮಾನಿಸಿಡುವುದು ಬಡವರ ಪಾಲಿಗೆ ರಕ್ಷೆಯೂ ಆಗಬಲ್ಲದು. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕ ‘ಭೂಮಿ’ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿತು. ಅದರ ಒಳಗಿದ್ದ ಒಂದು ಸಣ್ಣ ನಿಯಮ ನನಗೆ ಪಹಣಿಯ ಮುದ್ರಿತ ಪ್ರತಿಗಿಂತ ಮುಖ್ಯವೆನಿಸುತ್ತದೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆಯಬೇಕು. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಮಾಡಲು ತಂತ್ರಾಂಶ ಬಿಡದು. ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾದ್ದರಿಂದ ಯಾರು ಏನು ಮಾಡಿದರೆಂಬುದು ಉಳಿಯುತ್ತದೆ. ಅರ್ಜಿಯನ್ನು ಕಡತದ ಅಡಿಗೆ ಸೇರಿಸುವ, ಕೈ ಬಿಸಿಯಾದರೆ ಮೇಲಕ್ಕೆ ತೆಗೆಯುವ ಹಳೆಯ ವಿದ್ಯೆಗೆ ಅದು ತಡೆಯೊಡ್ಡಿತು. ‘ಬಂದ ಸರದಿ’ ಎಂಬುದು ಪ್ರೋಗ್ರಾಮಿಂಗಿನ ಮೊದಲ ವರ್ಷದಲ್ಲಿ ಕಲಿಸುವ ಸರಳ ಸಂಗತಿ. ಅದನ್ನು ತಾಲ್ಲೂಕು ಕಚೇರಿಯಲ್ಲಿ ಇಟ್ಟಾಗ ಆಡಳಿತ ಸುಧಾರಣೆಯಾಯಿತು.

ಹಾಗೆಂದು ಭೂಮಿಯ ಕಥೆಯೂ ಬರೀ ಹೊಗಳಿಕೆಯದಲ್ಲ. ಕೈಬರಹದ ಪಹಣಿಯಲ್ಲಿದ್ದ ತಪ್ಪು, ಟೈಪ್ ಮಾಡುವಾಗ ಸೇರಿದ ಹೊಸ ತಪ್ಪು, ಎರಡೂ ಕಂಪ್ಯೂಟರ್ ಪ್ರತಿಯಲ್ಲಿ ಅಚ್ಚಾಗಿ ಸತ್ಯವಾದವು. ಅವನ್ನು ತಿದ್ದಲೆಂದೇ ಸರ್ಕಾರ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಗ್ರಾಮ ಲೆಕ್ಕಿಗರ ತಲೆಯಲ್ಲಿದ್ದ ‘ಈ ಹೊಲ ಕಾಗದದಲ್ಲಿ ಅಣ್ಣನದು, ಉಳುವವನು ತಮ್ಮ’ ಎಂಬ ತಿಳಿವಳಿಕೆಗೆ ಯಾವ ಅಂಕಣದಲ್ಲೂ ಜಾಗ ಇರಲಿಲ್ಲ. ದಾಖಲೆ ಸಲೀಸಾಗಿ ಸಿಗುವಂತಾದದ್ದು ರೈತರಿಗಿಂತ ಹೆಚ್ಚಾಗಿ ಬೆಂಗಳೂರಿನ ಸುತ್ತ ನೆಲ ಕೊಳ್ಳುವವರಿಗೆ ಒದಗಿತೆಂಬ ಟೀಕೆಯೂ ಬಂತು. ಹೊಗಳಿಕೆ, ಟೀಕೆ ಎರಡೂ ನಿಜವಿರಬಹುದು. ಸರದಿಯ ನಿಯಮ ಇಟ್ಟವರು ಅದನ್ನು ತಿಳಿದು, ಎಲ್ಲರೆದುರು ಹೇಳಿ ಇಟ್ಟರು. ಅದನ್ನು ಮೆಚ್ಚುವುದಕ್ಕೂ ಟೀಕಿಸುವುದಕ್ಕೂ ಆದದ್ದು ಅದರಿಂದಲೇ. ಬೆಲೆ ತೆರಬೇಕಾಗುವುದು ಯಾರಿಗೂ ಹೇಳದೆ, ಕೆಲವೊಮ್ಮೆ ತಮಗೇ ಗೊತ್ತಿಲ್ಲದೆ ಇಟ್ಟುಹೋದ ನಿಯಮಗಳಿಗೆ.

ಯಂತ್ರವೇ ಕೋಡ್ ಬರೆದುಕೊಡುವ ಈ ದಿನಗಳಲ್ಲಿ ಪ್ರೋಗ್ರಾಮರ್ ಕಥೆ ಮುಗಿಯಿತೆಂಬ ಮಾತು ಎಲ್ಲೆಡೆ ಇದೆ. ಮಗನನ್ನು ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಬೇಕೋ ಬೇಡವೋ ಎಂದು ಸಿಇಟಿ ಕಾಲದಲ್ಲಿ ಕೇಳುವವರ ಆತಂಕ ಸುಳ್ಳಲ್ಲ. ಹೇಳಿದ್ದನ್ನು ಸಾಲುಗಳಾಗಿಸುವುದಷ್ಟೇ ಗೊತ್ತಿದ್ದವರ ಕೆಲಸ ಹೋಗಲಿದೆ, ಕೆಲವೆಡೆ ಹೋಗಿದೆ. ಆದರೆ ಆ ಹದಿನೆಂಟು ವರ್ಷದ ಲೆಕ್ಕವನ್ನು ಯಂತ್ರಕ್ಕೆ ಕೊಟ್ಟು ನೋಡಿ. ಚೊಕ್ಕವಾಗಿ ಬರೆದುಕೊಡುತ್ತದೆ. ಫೆಬ್ರುವರಿ 29ಕ್ಕೆ 28 ಎಂದೋ ಮಾರ್ಚ್ 1 ಎಂದೋ ಅದೂ ಏನೋ ಒಂದನ್ನು ಹಿಡಿದಿರುತ್ತದೆ, ಹೆಚ್ಚಿನ ಸಲ ನಮ್ಮನ್ನು ಕೇಳದೆಯೇ. ಗುರುವಾರ ಸಂಜೆ ಕ್ಯಾಬ್ ಹಿಡಿದವಳಿಗೆ ಕಡೇಪಕ್ಷ ತಾನೊಂದು ತೀರ್ಮಾನ ಮಾಡಿದೆನೆಂಬ ಅರಿವಿತ್ತು. ಇಲ್ಲಿ ತೀರ್ಮಾನ ಆಗಿದೆ, ಮಾಡಿದವರು ಯಾರೂ ಇಲ್ಲ. ಸಾಲುಗಳ ಉತ್ಪಾದನೆ ಹತ್ತುಪಟ್ಟಾದರೆ ಓದಿ ‘ಇದನ್ನು ಹೀಗೆ ಯಾಕೆ’ ಎಂದು ಕೇಳಬೇಕಾದ್ದೂ ಹತ್ತುಪಟ್ಟಾಗುತ್ತದೆ. ಕೇಳುವವರನ್ನೇ ಕಂಪನಿಗಳು ಕಡಿಮೆ ಮಾಡುತ್ತಿವೆ.

ಇದಕ್ಕೆ ನಮ್ಮ ಕಾಲೇಜುಗಳು ಏನು ತಯಾರಿ ನಡೆಸಿವೆ? ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತುವುದು, ಅದರಲ್ಲಿರುವ ಪ್ರೋಗ್ರಾಮನ್ನು ಬೈಹಾರ್ಟ್ ಮಾಡಿಕೊಂಡಂತೆ ಬರೆಯುವುದು, ಔಟ್‌ಪುಟ್ ಬಂದರೆ ಪಾಸು. ಯಂತ್ರ ಕ್ಷಣದಲ್ಲಿ ಮಾಡುವ ಕೆಲಸವನ್ನು ನಾಲ್ಕು ವರ್ಷ ಅಭ್ಯಾಸ ಮಾಡಿಸಿ ಮಕ್ಕಳನ್ನು ಹೊರಗೆ ಕಳಿಸುತ್ತಿದ್ದೇವೆ. ಒಂದು ಸೆಮಿಸ್ಟರ್ ಪೂರ್ತಿ ಹೊಸ ಸಾಲು ಬರೆಸುವುದೇ ಬೇಡ. ಹತ್ತು ವರ್ಷ ಬಳಕೆಯಲ್ಲಿದ್ದ, ಬರೆದವರು ಬಿಟ್ಟುಹೋದ ಒಂದು ಪ್ರೋಗ್ರಾಮ್ ಕೊಟ್ಟು, ಇದರಲ್ಲಿ ಯಾರ ಬಗ್ಗೆ ಏನೇನು ತೀರ್ಮಾನವಾಗಿದೆ, ಯಾರು ಬಿಟ್ಟುಹೋಗಿದ್ದಾರೆ, ಪಟ್ಟಿ ಮಾಡಿ ಎಂದು ಹೇಳಬಹುದು. ಬೇಕಿದ್ದರೆ ರೇಷನ್ ಕಾರ್ಡಿನ ನಿಯಮವನ್ನೇ ಕೊಡಲಿ: ಮನೆಯೊಂದರಲ್ಲಿ ಬೇರೆ ಒಲೆ ಹೂಡಿದ ಇಬ್ಬರು ಸೊಸೆಯರಿದ್ದರೆ ಅದು ಒಂದು ಕುಟುಂಬವೋ ಎರಡೋ, ಗಂಡ ದುಬೈಯಲ್ಲಿದ್ದರೆ ಯಜಮಾನ ಯಾರು. ಉತ್ತರಗಳನ್ನು ಕನ್ನಡದಲ್ಲೇ ಬರೆಯಲಿ. ಅಂಥ ಪಟ್ಟಿಯನ್ನು ಬಿಡದೆ ಬರೆಯಬಲ್ಲ ಹುಡುಗಿಗೆ ಆ ಮೂವತ್ತೈದು ಪದಗಳನ್ನು ಆಮೇಲೆ ಕಲಿಸಿದರಾಯಿತು.